ಅಕ್ಕನ ಹೆಬ್ಬೆರಳು

ಆಸ್ಪತ್ರೆಗೆ ಹೋಗುವ ದಿನ ನಮ್ಮಕ್ಕ ಮೂರು ಸಲ ಸೀಗೆಕಾಯಿ ಹಚ್ಚಿಸಿಕೊಂಡು ತಲೆ ತೊಳೆಸಿಕೊಂಡಳು. ಸಂಡೂರಿನ ಗಣಿಯಲ್ಲಿ ಅರ್ಧ ಆಯುಷ್ಯ ಕಬ್ಬಿಣದ ಅದಿರು ಆರಿಸಿದವಳು. ಹೊಸಪೇಟೆಯ ಡಾಕ್ಟರು ತಲೆಗೆ ಆಯಸ್ಕಾಂತ ಹಿಡಿಯುತ್ತಾರೆಂದು ಕೇಳಿದ್ದೇ ತಡ, ಕೂದಲ ಬುಡದಲ್ಲಿ ಉಳಿದ ಕೆಂಧೂಳಿನ ಸಮೇತ ಅದು ತನ್ನ ನೆತ್ತಿಯನ್ನೇ ಕಿತ್ತುಕೊಂಡು ಹೋದರೆ ಏನು ಗತಿ ಎಂಬ ಚಿಂತೆ ಅವಳಿಗೆ. ನಗಬೇಡಿ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನಾನೂ, ಯಾತಕ್ಕೂ ಇರಲಿ ಎಂದು, ಮತ್ತೊಂದು ಹಂಡೆ ನೀರು ಕಾಯಿಸಿದವನೇ.

ಪಾರ್ಶ್ವವಾಯು ಬಡಿದು ಅವಳ ಬಲಗೈ ಬಿದ್ದು ಮೂರು ತಿಂಗಳಾಗಿತ್ತು. ಮಿದುಳಿನಿಂದ ಕೈಗೆ ದಾರಿ ಉಳಿದಿದೆಯೋ ಇಲ್ಲವೋ ಎಂಬುದು ಆ ಪರೀಕ್ಷೆಯಿಂದ ತಿಳಿಯಬೇಕಿತ್ತು. ಆಸ್ಪತ್ರೆಯಲ್ಲಿ ಪರೀಕ್ಷೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕಾಲು ಕುಣಿಸುತ್ತ ಕುಳಿತಿದ್ದ ನನಗೆ ಅಕ್ಕ, "ಕಾಲು ಸುಮ್ನ ಇಡಲೇ, ಎದ್ಯಾಗ ಝಲ್ ಅಂತೈತಿ" ಎಂದು ಬೈದಳು. ನೆಮ್ಮದಿಯಾಗಿ ಕೂರುವುದು ನನ್ನ ಜಾತಕದಲ್ಲೇ ಬರೆದಿಲ್ಲ.

ಒಳಗೆ ಡಾಕ್ಟರಮ್ಮ ತಂತಿಯ ಸುರುಳಿಯೊಂದನ್ನು ಕೈಗೆತ್ತಿಕೊಂಡು, "ಇದು ಏನೂ ಕೀಳಂಗಿಲ್ರಿ ಅಮ್ಮಾ" ಎಂದರು. ಆಮೇಲೆ ಅವರು ಹೇಳಿದ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಸುಮ್ಮನೆ ನಿಂತ ಆಯಸ್ಕಾಂತಕ್ಕೆ ನರ ಕ್ಯಾರೇ ಅನ್ನುವುದಿಲ್ಲವಂತೆ. ಕಾಂತಬಲ ಕ್ಷಣಾರ್ಧದಲ್ಲಿ ಏರಿ ಇಳಿಯಬೇಕು. ಆ ಏರಿಳಿತವೇ ತಲೆಬುರುಡೆಯನ್ನು ದಾಟಿ, ಒಳಗೆ ಪುಟ್ಟ ವಿದ್ಯುತ್ತನ್ನು ಹುಟ್ಟಿಸಿ, ನರವನ್ನು ಎಬ್ಬಿಸುತ್ತದೆ. ಪ್ರಯೋಗಶಾಲೆಯ ಕಪ್ಪೆಯ ಕಾಲಿನ ನರವಾಗಲಿ, ನಮ್ಮ ಕೈಯ ನರವಾಗಲಿ, ಅದಕ್ಕೆ ಎಲ್ಲ ಒಂದೇ. ತರಗತಿಯಲ್ಲಿ ಸುರುಳಿಯೊಳಗೆ ಆಯಸ್ಕಾಂತ ಆಡಿಸಿ ಮೀಟರಿನ ಮುಳ್ಳು ಕುಣಿಸುವ ನನಗೆ, ಆ ಮುಳ್ಳಿನ ಜಾಗದಲ್ಲಿ ನಾವೇ ಇರಬಹುದೆಂದು ಎಂದೂ ಹೊಳೆದಿರಲಿಲ್ಲ. ಹಾಗಾದರೆ ಶಾಂತಿ, ಸ್ಥಿರತೆ ಎಂದು ಜೀವಮಾನವಿಡೀ ನಾವು ಹಂಬಲಿಸುವುದಕ್ಕೆ ನಮ್ಮ ನರಗಳೇ ಓಗೊಡುವುದಿಲ್ಲವೇ? ಯೋಚಿಸಿದಷ್ಟೂ ತಳಮಳ ಹೆಚ್ಚಾಯಿತು.

ಡಾಕ್ಟರಮ್ಮ ಸುರುಳಿಯನ್ನು ಅಕ್ಕನ ತಲೆಗೆ ಹಿಡಿದರು. ಟಕ್ ಎಂದಿತು ಯಂತ್ರ. ಅಕ್ಕನ ಬಲಗೈ ಹೆಬ್ಬೆರಳು ಎಗರಿತು.

"ದಾರಿ ಉಳಿದೈತ್ರಿ!" ಎಂದರು ಡಾಕ್ಟರಮ್ಮ. ನನಗೆ ಕಣ್ಣು ತುಂಬಿ ಬಂತು. ಅಕ್ಕ ಮಾತ್ರ ಹುಬ್ಬು ಗಂಟಿಕ್ಕಿ ಬೆರಳನ್ನೇ ದುರುಗುಟ್ಟಿ ನೋಡಿದಳು.

"ಅದು ಅಲ್ಲಾಡ್ತು. ನಾ ಅಲ್ಲಾಡಿಸಲಿಲ್ಲ."

ತಾನಾಗಿಯೇ ಎತ್ತಲು ಹೋದಳು; ಹಣೆ ಬೆವರಿತು, ಬೆರಳು ಮಿಸುಕಲಿಲ್ಲ. ಅವಳದೇ ಬೆರಳು ಅವಳ ಮಾತು ಬಿಟ್ಟು ಯಂತ್ರದ ಮಾತು ಕೇಳಿದ್ದು ಕಂಡು ನನಗೆ ಸಂಕಟವಾಯಿತು, ಸಿಟ್ಟೂ ಬಂತು.

ಅಕ್ಕ ಕಣ್ಣು ಮುಚ್ಚಿಕೊಂಡಳು.

"ಇನ್ನೊಂದ್ಸಲ ಹಚ್ರಿ ಡಾಕ್ಟ್ರೇ. ಅದು ಯಾವ ದಾರೀಲೆ ಬಂತು ಅಂತ ಈ ಸಲ ನೋಡ್ಕೊಂತೀನಿ."