ಅಪ್ಪನ ರೀಲು, ಹೊಳೆಯ ಪಾಲು

ನಾನು ಚಿಕ್ಕವನಿದ್ದಾಗ ಒಂದು ಕಡೆ ಸುಮ್ಮನೆ ಕೂತದ್ದನ್ನು ಯಾರೂ ನೋಡಿಲ್ಲ. ಊಟಕ್ಕೆ ಕೂತರೆ ಕಾಲು ಅಲ್ಲಾಡುತ್ತಿತ್ತು, ಶಾಲೆಯಲ್ಲಿ ಕೂತರೆ ಕಣ್ಣು ಕಿಟಕಿಯಾಚೆ ಇರುತ್ತಿತ್ತು. "ಇವನ ಅಂಗಾಲಾಗ ಇರಿವಿ ಅದಾವೇನು" ಎಂದು ಅವ್ವ ಬೈಯುತ್ತಿದ್ದಳು. ಆದರೆ ಮಕ್ಕಳೇ, ಈ ಚಡಪಡಿಕೆ ನನಗೆ ಬಂದದ್ದು ಅಪ್ಪನಿಂದಲೇ. ಅಪ್ಪ ಅಲುಗಾಡದೆ ಕೂರುತ್ತಿದ್ದುದು ಗಾಳ ಹಾಕಿದಾಗ ಮಾತ್ರ.

ನಮ್ಮೂರು ದೇವದುರ್ಗದಾಚೆ, ಕೃಷ್ಣಾ ಹೊಳೆಗೆ ಒಂದು ಹರದಾರಿ ದೂರ. ಅಪ್ಪ ದೇವದುರ್ಗದ ಅರಳೆ ಗಿರಣಿಯಲ್ಲಿ ದುಡಿಯುತ್ತಿದ್ದ. ರಜೆಯ ದಿನ ಸೈಕಲ್ಲಿನ ಮುಂದೆ ನನ್ನನ್ನು, ಹಿಂದೆ ಅಕ್ಕನನ್ನು ಕೂರಿಸಿಕೊಂಡು ಹೊಳೆಗೆ ಹೊರಡುತ್ತಿದ್ದ. ಬಿದಿರು ಕೋಲು, ನೂಲಿನ ಹುರಿ, ಸಂತೆಯಲ್ಲಿ ಸಿಗುವ ಅಗ್ಗದ ಗಾಳ, ತೆಂಗಿನ ಚಿಪ್ಪಿನ ತುಂಬ ಹಸಿ ಮಣ್ಣು ಮತ್ತು ಎರೆಹುಳು. ನಮ್ಮ ಸಾಮಾನು ಅಷ್ಟೇ. ಅಲ್ಲಿ ಹೊಳೆಯ ತಳವೆಲ್ಲ ಬಂಡೆ, ಗಾಳ ಕಲ್ಲಿಗೆ ಸಿಕ್ಕಿಕೊಳ್ಳದ ದಿನವೇ ಇಲ್ಲ. ಸಿಕ್ಕಿಕೊಂಡರೆ ಅಪ್ಪ ಹುರಿಯನ್ನು ಜಗ್ಗಿ ಹರಿದು, "ಅದು ಹೊಳಿ ಪಾಲು" ಎನ್ನುತ್ತ ಬೇರೆ ಗಾಳ ಕಟ್ಟುತ್ತಿದ್ದ. ದಂಡೆಯ ಮೇಲೆ ಮೀನು ಹಿಡಿಯುವವರೆಲ್ಲ ಹಾಗೆಯೇ ಹೇಳುತ್ತಿದ್ದರು. ಕಳೆದುಹೋಯಿತು ಎಂದು ಯಾರೂ ಅನ್ನುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಗಿರಣಿಯ ಯಂತ್ರ ರಿಪೇರಿಗೆ ಬಂದ ಹೈದರಾಬಾದಿನ ಫಿಟ್ಟರ್ ಒಬ್ಬ ಅಪ್ಪನ ತಲೆಯಲ್ಲಿ ಹುಳ ಬಿಟ್ಟು ಹೋದ. ರೀಲು ಇರುವ ಕೋಲಿನಿಂದ ಬೀಸಿದರೆ ಗಾಳ ನಡುಹೊಳೆಗೆ ಹೋಗಿ ಬೀಳುತ್ತದಂತೆ, ದೊಡ್ಡ ಮೀನುಗಳೆಲ್ಲ ಅಲ್ಲೇ ಇರುತ್ತವಂತೆ. ಆಮೇಲೆ ಅಪ್ಪನಿಗೆ ನಿದ್ದೆಯೇ ಸರಿಯಾಗಿ ಬರಲಿಲ್ಲ. ಮಾನ್ವಿಗೆ ಹೋಗಿ ಸೈಕಲ್ ಮಾರಿದ. ಅಲ್ಲಿಂದಲೇ ರಾಯಚೂರಿಗೆ ಹೋಗಿ ಸ್ಟೇಷನ್ ಹತ್ತಿರದ ಅಂಗಡಿಯಿಂದ ಹೊಸ ಕೋಲು, ಹೊಳೆಯುವ ರೀಲು, ಕೂದಲಿನಷ್ಟು ತೆಳ್ಳಗಿನ ನೈಲಾನ್ ದಾರ, ಮೀನುಗಳನ್ನು ಮರುಳು ಮಾಡಲು ಗಾಳ ಸಿಕ್ಕಿಸಿದ ಒಂದು ತಗಡಿನ ಮೀನು ತಂದ. ರೀಲು ತಿರುಗಿಸಿದರೆ ಕಿರ್ರ್ ಎಂದು ಸಣ್ಣಗೆ ಸದ್ದು ಮಾಡುತ್ತಿತ್ತು. ನಾನು ತಿರುಗಿಸಿ ತಿರುಗಿಸಿ ಬೈಸಿಕೊಂಡೆ.

"ಇದಕ್ಕ ಮೀನ ತಾವಾಗೇ ಬಂದು ಬುಟ್ಟ್ಯಾಗ ಬೀಳ್ತಾವೇನು?" ಎಂದಳು ಅವ್ವ.

"ನೋಡ್ತಿರು, ಸೈಕಲ್ ದುಡ್ಡು ಹೊಳ್ಳಿ ಬರ್ತದ" ಎಂದ ಅಪ್ಪ.

ಸೈಕಲ್ ಇಲ್ಲದ್ದಕ್ಕೆ ಮುಂದಿನ ರಜೆಯ ದಿನ ನಡೆದೇ ಹೋದೆವು. ಬಿರುಕು ಬಿಟ್ಟ ಕರಿಮಣ್ಣು ಬೆಳಿಗ್ಗೆಯೇ ಕಾದಿತ್ತು. ಅಪ್ಪ ಕೋಲನ್ನು ಹೆಗಲಿಗೇರಿಸಿ ಮುಂದೆ ದಾಪುಗಾಲು ಹಾಕುತ್ತಿದ್ದ, ನಾವಿಬ್ಬರೂ ಜಾಲಿಮುಳ್ಳು ತಪ್ಪಿಸುತ್ತ ಹಿಂದೆ ಓಡುತ್ತಿದ್ದೆವು. ಹೊಳೆ ಇಳಿದಿತ್ತು. ಪಾಚಿಯ ವಾಸನೆ ಮೂಗಿಗೆ ಅಡರುತ್ತಿತ್ತು. ನಡುವೆ ಎದ್ದ ಮರಳುದಿಬ್ಬದ ಮೇಲೆ ಒಂದು ಮೊಸಳೆ ಬಾಯಿ ತೆರೆದು ಬಿಸಿಲು ಕಾಯುತ್ತಿತ್ತು. ನಮಗೆ ಅದೇನೂ ಹೊಸದಲ್ಲ. ಅದು ಕಣ್ಣಿಗೆ ಕಾಣುತ್ತಿರುವ ತನಕ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಅಪ್ಪ ಬೀಸಿದ. ಫಿಟ್ಟರ್ ಹೇಳಿದ್ದು ನಿಜವೇ. ತಗಡಿನ ಮೀನು ಮಿಂಚುತ್ತ ಹೋಗಿ, ನಮ್ಮ ಬಿದಿರು ಕೋಲು ಎಂದೂ ಮುಟ್ಟದ ಕಡೆ, ದೊಡ್ಡ ಬಂಡೆಯೊಂದರ ಬುಡಕ್ಕೆ ಬಿತ್ತು. ಅಪ್ಪನ ಮುಖ ಅರಳಿತು. ಎರಡು ಸುತ್ತು ಸುತ್ತುವಷ್ಟರಲ್ಲಿ ದಾರ ಬಿಗಿಯಿತು. ಮೀನಲ್ಲ, ಕಲ್ಲು. ಅಪ್ಪ ಎಡಕ್ಕೆ ಜಗ್ಗಿದ, ಬಲಕ್ಕೆ ಜಗ್ಗಿದ, ಬೈದ, ಬೇಡಿಕೊಂಡ. ಹೊಳಿ ಪಾಲು ಎಂಬ ಮಾತು ಮಾತ್ರ ಬಾಯಿಂದ ಬರಲಿಲ್ಲ. ಕೊನೆಗೆ ಕೋಲನ್ನು ಅಕ್ಕನ ಕೈಗೆ ಕೊಟ್ಟು ದಾರ ಹಿಡಿದು ನೀರಿಗೆ ಇಳಿದೇಬಿಟ್ಟ.

ಸೊಂಟದವರೆಗೆ, ಆಮೇಲೆ ಎದೆಯವರೆಗೆ ಹೋದ. ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ದಂಡೆಯ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದೆ. ಅಕ್ಕ ಮೆಲ್ಲಗೆ ಕೇಳಿದಳು: "ಮೊಸಳಿ ಎಲ್ಲಿ ಹೋತಲೇ?"

ಮರಳುದಿಬ್ಬ ಖಾಲಿ ಇತ್ತು.

"ಯಪ್ಪಾ, ಹೊರಗ ಬಾ, ಮೊಸಳಿ ಕಾಣವಲ್ದು" ಎಂದು ಇಬ್ಬರೂ ಕೂಗಿದೆವು. ಅಪ್ಪ ತಿರುಗಿಯೂ ನೋಡದೆ, "ಬರಾಕತ್ತೀನಿ ತಡೀರಿ, ಇನ್ನೊಂಚೂರು" ಎಂದು ಮುಂದಕ್ಕೇ ಹೆಜ್ಜೆ ಇಟ್ಟ. ನಾನು ಅಳತೊಡಗಿದೆ. ಅಕ್ಕ ಅಳಲಿಲ್ಲ. ಕೋಲನ್ನು ಎರಡೂ ಕೈಯಲ್ಲಿ ಎತ್ತಿ, ರೀಲಿನ ಸಮೇತ ದಂಡೆಯ ಹತ್ತಿರದ ನೀರಿಗೆ ಬಿಸಾಡಿದಳು. "ಯಪ್ಪಾ, ರೀಲು ಹೊಂಟ್ತು."

ಅಪ್ಪ ಗಕ್ಕನೆ ತಿರುಗಿದ. ದಾರ ಬಿಟ್ಟು, ನೀರು ಚೆಲ್ಲಾಡುತ್ತ, ಬೈಯುತ್ತ ಓಡಿಬಂದು ರೀಲನ್ನು ಬಾಚಿಕೊಂಡು ದಂಡೆಗೆ ಹತ್ತಿದ. ಹೊಡೆಯಲು ಕೈ ಎತ್ತಿದ. ಅಕ್ಕ ಸುಮ್ಮನೆ ಬಂಡೆಯ ಕಡೆ ಬೆರಳು ತೋರಿಸಿದಳು. ಅಪ್ಪ ಆಗಷ್ಟೇ ನಿಂತಿದ್ದ ಜಾಗದಲ್ಲಿ ಉದ್ದನೆಯ ಮೂತಿಯೊಂದು ಮೇಲೆದ್ದು, ಸದ್ದಿಲ್ಲದೆ ಮುಳುಗಿತು. ಎತ್ತಿದ ಕೈ ಇಳಿದು ಅಕ್ಕನ ತಲೆಯ ಮೇಲೆ ಕೂತಿತು.

ಮನೆಯ ದಾರಿಯಲ್ಲಿ ನನ್ನ ತಲೆಯಲ್ಲಿ ಒಂದೇ ಮಾತು. ನಾವು ಕರೆದರೆ ಬರದ ಅಪ್ಪ ರೀಲಿಗಾಗಿ ಬಂದನಲ್ಲ! ನಾನೇನೂ ಕೇಳಿರಲಿಲ್ಲ. ಆದರೂ ಅರ್ಧ ದಾರಿಯಲ್ಲಿ ಅಪ್ಪ ತಾನಾಗಿಯೇ ಹೇಳಿದ: "ನೀವು ಕರದದ್ದು ನನಗ ಕೇಳ್ಸಿತ್ತು. ಕೇಳ್ಸಿದ್ರೂ ಕಾಲು ಮುಂದಕ ಹೋತು."

ಮರಳು ಹೊಕ್ಕ ರೀಲಿಗೆ ಎಣ್ಣೆ ಬಿಟ್ಟು ಅಪ್ಪ ಅದನ್ನು ಬಹಳ ಕಾಲ ಬಳಸಿದ. ದೊಡ್ಡ ಮೀನುಗಳೂ ಸಿಕ್ಕವು, ಸುಳ್ಳು ಯಾಕೆ ಹೇಳಲಿ. ಆದರೆ ಅಂದಿನಿಂದ ಸೊಂಟದಲ್ಲಿ ಒಂದು ಚಾಕು ಇರುತ್ತಿತ್ತು. ಗಾಳ ಕಲ್ಲಿಗೆ ಸಿಕ್ಕ ಕೂಡಲೇ ಆ ಚಾಕುವನ್ನು ಅಕ್ಕನ ಕೈಗೆ ಕೊಡುತ್ತಿದ್ದ. ಅವಳು ದಾರ ಕೊಯ್ದು "ಹೊಳಿ ಪಾಲು" ಎನ್ನುವಾಗ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದ.

ಈಗ ರಾಯಚೂರಿನ ನಮ್ಮ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ನನ್ನ ಮೊಮ್ಮಗ ಮೊಬೈಲಿನಲ್ಲಿ ಗಾಳದ ಕೋಲು ನೋಡುತ್ತಾನೆ. ಸೈಕಲ್ ಮಾರಬೇಕಾಗಿಲ್ಲ, ಸ್ಟೇಷನ್ ಹತ್ತಿರದ ಅಂಗಡಿಗೆ ಹೋಗಬೇಕಾಗಿಲ್ಲ, ಬೆರಳು ಒತ್ತಿದರೆ ಬಾಗಿಲಿಗೇ ಬರುತ್ತದೆ. ಕೂತಲ್ಲೇ ಅವನ ಕಾಲು ಅಲ್ಲಾಡುತ್ತಿರುತ್ತದೆ. "ಅಜ್ಜಾ, ಇದು ಭಾಳ ತುಟ್ಟಿ ಅದ, ಆದ್ರ ಮಸ್ತ್ ಅದ. ಕೊಡಸ್ತಿಯೇನು?" ಎಂದು ಮೊನ್ನೆ ಕೇಳಿದ.

"ಕೊಡಸ್ತೀನಿ. ಕಲ್ಲಿಗೆ ಸಿಕ್ಕಾಗ ದಾರ ಕೊಯ್ದು ಮನಿಗಿ ಬರ್ತೀಯೇನು, ಅದನ್ನ ಹೇಳು" ಎಂದೆ.

"ಹೂಂ" ಎಂದು ಬಾಯಿಮಾತಿಗೆ ಹೇಳಿದ. ಪಕ್ಕದಲ್ಲಿದ್ದ ಅವನ ತಂಗಿ ತಲೆ ಎತ್ತಿ ಅಣ್ಣನನ್ನು ನೋಡಿದಳು, ನನ್ನನ್ನು ನೋಡಿದಳು.

ಕೋಲು ತರಿಸಿದ್ದೇನೆ. ಚಾಕು ಅವಳ ಹತ್ತಿರ ಇರುತ್ತದೆ.