ಖಾಲಿ ಬಿಟ್ಟ ಎರಡನೇ ಮತ

ನಮ್ಮ ಹೆಡ್‌ಮಾಸ್ಟರ ಬಲಗೈ ತೋರುಬೆರಳು ಸೊಟ್ಟಗಿತ್ತು. ಹುಡುಗನಾಗಿದ್ದಾಗ ಕಬಡ್ಡಿಯಲ್ಲಿ ಮುರಿದದ್ದಂತೆ. ಆ ಕೊಕ್ಕೆ ಬೆರಳನ್ನೇ ಎತ್ತಿ, "ಬಂದ್ರೆ ಫಸ್ಟು, ಮಿಕ್ಕಿದ್ದೆಲ್ಲ ವೇಸ್ಟು" ಎನ್ನುತ್ತಿದ್ದರು. ಮಾಗಡಿಯ ನಮ್ಮ ಅನುದಾನಿತ ಶಾಲೆಯಲ್ಲಿ ಎರಡನೇ ಬಹುಮಾನ ಎಂಬುದೇ ಇರಲಿಲ್ಲ. ಎರಡನೆಯವರಾಗಿ ಬಂದ ಮಕ್ಕಳು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದವು.

ಹೆಡ್‌ಮಾಸ್ಟರಿಗೆ ಪಿಂಚಣಿ ಇತ್ತು, ಆಮೇಲೆ ಕೆಲಸಕ್ಕೆ ಸೇರಿದ ನಮ್ಮಂಥ ಮೇಷ್ಟ್ರುಗಳಿಗೆ ಇರಲಿಲ್ಲ. ನಮಗೆ ಅದನ್ನು ಕೊಡಿಸಲೆಂದೇ ನಿವೃತ್ತರಾದ ಮೇಲೆ ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರಕ್ಕೆ ನಿಂತರು. ಆ ಚುನಾವಣೆಯಲ್ಲಿ ಬಟನ್ ಒತ್ತುವುದಿಲ್ಲ. ಅಭ್ಯರ್ಥಿಗಳ ಹೆಸರಿನ ಮುಂದೆ ನಮಗೆ ಬೇಕಾದ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ಬರೆಯಬೇಕು. ನನ್ನ ಸ್ಕೂಟರಿನ ಹಿಂದೆ ಕೂತೇ ಅವರು ಪ್ರಚಾರ ಮಾಡಿದರು.

ಸೋಲೂರಿನಲ್ಲಿ ಅವರ ಹಳೇ ಶಿಷ್ಯೆಯೊಬ್ಬಳು ಟೀಚರ್. ಕಾಫಿ ಕೊಟ್ಟು ಹಿಂಜರಿಯುತ್ತಲೇ ಹೇಳಿದಳು: "ಒಂದು ನಮ್ಮೂರೋರಿಗೆ ಅಂತ ಸ್ಟಾಫೆಲ್ಲ ಮಾತು ಕೊಟ್ಬುಟ್ಟಿದೀವಿ ಸಾ. ಎರಡು ನಿಮಗೇಯ."

ಬೆರಳು ಎದ್ದಿತು. "ಎಂಜಲು ನಂಗ್ಯಾಕವ್ವ? ಕೊಟ್ರೆ ಒಂದು ಕೊಡಿ, ಇಲ್ದಿದ್ರೆ ಖಾಲಿ ಬುಡಿ."

ಆ ಗತ್ತು ನೋಡಿ ನನಗೆ ನಗು ಬಂದಿತ್ತು.

ಎಣಿಕೆಯ ದಿನ ಬಂತು. ಮೊದಲ ಸುತ್ತಿನಲ್ಲಿ ಅವರೇ ಮುಂದಿದ್ದರು. ನಾನು ಆಗಲೇ ಬಾದೂಷಾ ಹಂಚಿಬಿಟ್ಟೆ. ಆದರೆ ಗೆಲ್ಲಲು ಬೇಕಾದ ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಬಂದಿರಲಿಲ್ಲ. ಹಾಗಾದಾಗ ಕೊನೆಯಲ್ಲಿರುವವರನ್ನು ಕಣದಿಂದ ತೆಗೆದು, ಅವರ ಒಂದೊಂದು ಮತಪತ್ರವನ್ನೂ ಅದರಲ್ಲಿ ಎರಡು ಎಂದು ಯಾರಿಗೆ ಬರೆದಿದೆಯೋ ಅವರಿಗೆ ಸೇರಿಸುತ್ತಾರೆ. ಒಬ್ಬರು ಗೆಲ್ಲುವ ತನಕ ಹೀಗೇ ನಡೆಯುತ್ತದೆ. ಸೋಲೂರಿನ ಅಭ್ಯರ್ಥಿಯೂ ಹೊರಬಿದ್ದರು. ಅವರ ಕಟ್ಟು ಬಿಚ್ಚಿದರು. ಕೆಲವು ಎರಡನೇ ಸ್ಥಾನದಲ್ಲಿದ್ದ ಎದುರಾಳಿಯ ಟ್ರೇಗೆ ಹೋದವು. ಮಿಕ್ಕವುಗಳಲ್ಲಿ ಎರಡು ಎಂಬುದೇ ಇರಲಿಲ್ಲ. ನಮ್ಮ ಟ್ರೇ ಇದ್ದಂತೆಯೇ ಇತ್ತು.

ಮುಂದಿದ್ದವರು ಸೋತುಹೋದರು! "ಇದೆಂಥ ಅನ್ಯಾಯ ಸಾರ್!" ಎಂದು ಕೂಗಿಯೇಬಿಟ್ಟೆ. ಅವರು ಟ್ರೇಯನ್ನೇ ನೋಡುತ್ತಿದ್ದರು.

"ಅನ್ಯಾಯ ಅಲ್ಲ ಕಣಯ್ಯ. ಸೋಲೂರಿನ ಆ ಮಗು ಎರಡು ಕೊಡ್ತೀನಿ ಅಂತು, ನಾನೇ ಬ್ಯಾಡ ಅಂದ್ಬುಟ್ಟೆ," ಎಂದರು. ಬೆರಳು ಏಳಲಿಲ್ಲ.

ಹೋದ ವರ್ಷ ಹೆಡ್‌ಮಾಸ್ಟರು ತೀರಿಕೊಂಡರು. ಮಣ್ಣಿಗೆ ಸೋಲೂರಿನ ಆ ಟೀಚರ್ ಬಂದಿದ್ದಳು. ಮೇಷ್ಟ್ರು ಏನೇ ಅಂದಿರಲಿ, ಒಲವಿದ್ದಿದ್ದರೆ ಅವಳ ಸ್ಟಾಫ್ ಎರಡು ಬರೆದೇ ಬರೆಯುತ್ತಿತ್ತು ಎಂದೇ ನಾನು ತಿಳಿದಿದ್ದೆ. ಯಾಕೆ ಖಾಲಿ ಬಿಟ್ಟಿರಿ ಎಂದು ಸಿಟ್ಟು ತಡೆಯದೆ ಕೇಳಿಬಿಟ್ಟೆ. ಅವಳು ಅಳುತ್ತಲೇ ಅಂದಳು: "ಬೇರೆಯೋರೂ ಬಂದು ಎರಡು ಕೇಳುದ್ರು ಸಾ, ಯಾರ್ಗೂ ಕೊಡ್ಲಿಲ್ಲ. ಮೇಷ್ಟ್ರು ಖಾಲಿ ಬುಡಿ ಅಂದಿದ್ರಲ್ಲ, ಬುಟ್ವಿ. ಅವ್ರ ಮಾತ ಯಾವತ್ತಾದ್ರೂ ಮೀರಿದ್ವಾ?"

ಇಷ್ಟು ಮರ್ಯಾದೆ ಇಟ್ಟವರ ಮೇಲೆ ಏನೆಂದು ಸಿಟ್ಟಾಗಲಿ? ನಮ್ಮ ಪಿಂಚಣಿ ಇವತ್ತಿಗೂ ಬಂದಿಲ್ಲ.