ಒಂದು ಹನಿಯೂ ಚೆಲ್ಲಬಾರದು

2022ನೇ ಇಸವಿ. ನನ್ನ ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಕೂಡ್ಲಿಗಿ ಮತ್ತು ಕೊಟ್ಟೂರಿನ ನಡುವಿನ ಒಂದು ಹೋಬಳಿಯ ಪಶು ಆಸ್ಪತ್ರೆಯಲ್ಲಿ ನಾನು ಪಶುವೈದ್ಯಾಧಿಕಾರಿ. ಊರಿನ ಹೆಸರು ಹೇಳುವುದಿಲ್ಲ. ನನ್ನ ತಪ್ಪಿಗೆ ಈಗ ಅಲ್ಲಿರುವವರು ತಲೆ ತಗ್ಗಿಸಬೇಕಾಗಿಲ್ಲ. ಎರಡು ಕೋಣೆ, ಒಂದು ಔಷಧಿ ಬೀರು, ದನ ಒದೆಯದಂತೆ ನಿಲ್ಲಿಸುವ ಕಬ್ಬಿಣದ ಚೌಕಟ್ಟು, ಅಂದರೆ ಟ್ರೆವಿಸ್. ಸಿಬ್ಬಂದಿ ಎಂದರೆ ನಾನು ಮತ್ತು ಅಟೆಂಡರ್ ಬಸಣ್ಣ. ಉಳಿದ ಹುದ್ದೆಗಳು ಖಾಲಿ. ಕೆಲಸಕ್ಕೆ ಕೈ ಸಾಲದು ಎಂದು ಮೇಲಿನವರಿಗೆ ನಾನು ಬರೆದ ಪತ್ರಗಳೇ ಒಂದು ಫೈಲು ತುಂಬಿದ್ದವು. ಮುಂದಿನದನ್ನು ಓದುವಾಗ ಇದು ನೆನಪಿರಲಿ.

ಮಳೆಗಾಲದ ಆರಂಭದ ಒಂದು ಸೋಮವಾರ ಉಜ್ಜಿನಿಯ ಕಡೆಯಿಂದ ಒಬ್ಬ ಹುಡುಗಿ ಬಂದಳು. ಹೆಸರು ಹುಲಿಗೆಮ್ಮ, ಹದಿನೆಂಟು ವರ್ಷ, ಪಿಯುಸಿಯಲ್ಲಿ ವಿಜ್ಞಾನ ಓದಿ ಒಳ್ಳೆಯ ಅಂಕದಲ್ಲಿ ಪಾಸಾಗಿದ್ದಳು. ಮನೆಯವರದು ಕುರಿ ಸಾಕಣೆ. ಅವಳು ವೆಟರ್ನರಿ ಕಾಲೇಜು ಸೇರಬೇಕೆಂದಿದ್ದಳು. ಅವಳ ಅಪ್ಪನದು ಒಂದೇ ಷರತ್ತು: ಯಾರಾದರೂ ಒಬ್ಬ ಡಾಕ್ಟರು ಇವಳನ್ನು ಆಸ್ಪತ್ರೆಯೊಳಗೆ ಕೆಲಸಕ್ಕೆ ಇಟ್ಟುಕೊಂಡು, ಇವಳಿಂದ ಇದು ಆಗುತ್ತದೆ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಅರ್ಜಿಗೆ ಸಹಿ, ರೈತರ ಮಕ್ಕಳ ಕೋಟಾಕ್ಕೆ ಬೇಕಾದ ಪ್ರಮಾಣಪತ್ರ ಎರಡೂ ಸಿಗುತ್ತವೆ. ಇಲ್ಲದಿದ್ದರೆ ಕೊಟ್ಟೂರಿನಲ್ಲಿ ಬಿ.ಎ. ವೆಟರ್ನರಿ ಅರ್ಜಿಯ ಕೊನೆಯ ದಿನಕ್ಕೆ ಇನ್ನು ಇಪ್ಪತ್ತೈದು ದಿನ ಇತ್ತು.

"ಸಂಬಳ ಬ್ಯಾಡ್ರಿ ಮೇಡಂ. ಸಗಣಿ ಬಾಚ್ತೀನಿ, ನೀರು ತರ್ತೀನಿ. ನೀವು ಮಾಡೋದು ನೋಡ್ಕಂತ ಇರ್ತೀನಿ, ಅಷ್ಟ" ಅಂದಳು.

ನಾನು ತಲೆ ಎತ್ತಿ ಸರಿಯಾಗಿ ನೋಡಲೂ ಇಲ್ಲ. "ಇದು ಕಾಲೇಜಲ್ಲಮ್ಮ. ದನ ಒದ್ದರೆ, ನಾಯಿ ಕಚ್ಚಿದರೆ ಜವಾಬ್ದಾರಿ ಯಾರದು? ಮೇಲಿನವರಿಂದ ಪರ್ಮಿಷನ್ ಲೆಟರ್ ತಗೊಂಡು ಬಾ" ಎಂದೆ. ಅಂಥ ಲೆಟರ್ ಕೊಡುವವರು ಯಾರೂ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಇಲ್ಲ ಅನ್ನುವ ಧೈರ್ಯವಿಲ್ಲದವರು ಲೆಟರ್ ಕೇಳುತ್ತಾರೆ. ನಾನು ಮಾಡಿದ್ದು ಅದನ್ನೇ. ಈ ಹೊತ್ತಿಗೂ ಆ ಮಾತು ನೆನಪಾದರೆ ಮೈ ಉರಿಯುತ್ತದೆ.

ಆಮೇಲೆ ಎಂಟು ದಿನ ಅವಳು ಬಸ್ಸು ಹತ್ತಿ ಇಳಿದು ಐದು ತಾಲೂಕು ಸುತ್ತಿದಳು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಸರ್ಕಾರಿ ಆಸ್ಪತ್ರೆ, ನಾಯಿ ನೋಡುವ ಖಾಸಗಿ ಕ್ಲಿನಿಕ್ಕು ಯಾವುದನ್ನೂ ಬಿಡಲಿಲ್ಲ. ಒಬ್ಬರು, ನಾಯಿಮರಿ ಜೊತೆ ಸೆಲ್ಫಿ ಹೊಡೆಯಲು ಬಂದೆಯಾ ಎಂದರಂತೆ. ಇನ್ನೊಬ್ಬರು, ಹಸುವಿನ ಗರ್ಭದೊಳಗೆ ಕೈ ಹಾಕುವ ಕೆಲಸ ಹೆಣ್ಣುಮಕ್ಕಳಿಗಲ್ಲ ಎಂದು ಮೂಗು ಮುರಿದರಂತೆ. ಮೂವತ್ತು ವರ್ಷ ಅದೇ ಕೆಲಸ ಮಾಡಿದ ಹೆಂಗಸು ನಾನು! ಮತ್ತೊಂದು ಕಡೆ ಚಹಾ ಕುಡಿಸಿ, ಬೆನ್ನು ತಟ್ಟಿ, ಬಾಗಿಲವರೆಗೆ ಬಂದು ಕಳಿಸಿಕೊಟ್ಟರಂತೆ. ಎಲ್ಲಿ ಯಾರು ಏನು ಹೇಳಿದರೆಂದು ಅವಳು ಬಿಡಿಸಿ ಹೇಳಲಿಲ್ಲ, ನಾನೂ ಕೆದಕಲಿಲ್ಲ. ಅವರನ್ನು ಬೈಯುವ ಯೋಗ್ಯತೆ ನನಗೆಲ್ಲಿಂದ ಬರಬೇಕು?

ಒಂಬತ್ತನೇ ದಿನ ನೋಡಿದರೆ ನಮ್ಮ ಗೇಟಿನ ಹೊರಗೆ, ಬೇವಿನ ಮರದ ಕೆಳಗೆ ನಿಂತಿದ್ದಳು. ಬಸಣ್ಣ ಓಡಿಸಲು ಹೋದ. "ರಸ್ತ್ಯಾಗ ನಿಂದ್ರಾಕೂ ಲೆಟರ್ ಬೇಕೇನಣ್ಣ?" ಎಂದು ಕೇಳಿದಳಂತೆ. ಅವನು ಪೆಚ್ಚಾಗಿ ಬಂದು ನನಗೆ ಹೇಳಿದ. ನಗು ಬಂತು, ಸಿಟ್ಟೂ ಬಂತು. ನಿಂತರೆ ನಿಲ್ಲಲಿ, ಒಳಗೆ ಮಾತ್ರ ಬಿಡಬೇಡ ಎಂದೆ. ಅವಳು ದಿನವೂ ನಿಂತಳು. ಕುರಿ ತಂದವರಿಗೆ ಕಾಲು ಹಿಡಿದುಕೊಡುವಳು, ಎಮ್ಮೆಗೆ ನೀರು ತೋರಿಸುವಳು. ಜನ ಗೇಟಿನ ಹೊರಗೆ ಅವಳ ಹತ್ತಿರ ಒಂದು ಮಾತಾಡಿಯೇ ಒಳಗೆ ಬರುವ ಹಾಗಾಯಿತು.

ಅದರ ಮುಂದಿನ ವಾರ ಕುರಿಗಳಿಗೆ ಜಂತುಹುಳುವಿನ ಔಷಧಿ ಹಂಚಿದೆವು. ಬಿಳಿಯ ದ್ರವ, ಬಾಯಿಗೆ ಹಾಕುವಂಥದ್ದು. ನಮ್ಮ ಕಡೆ ಇದನ್ನು ಗೊಟ್ಟದಲ್ಲಿ ಹಾಕುತ್ತಾರೆ. ಗೊಟ್ಟ ಎಂದರೆ ಒಂದು ತುದಿ ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆ. ಆ ಸಲ ಬಂದ ಔಷಧಿ ಕಡಿಮೆ, ಕೇಳುವವರು ಹೆಚ್ಚು. ಬೆಳಿಗ್ಗೆಯಿಂದ ಜಗಳ ಬಿಡಿಸಿ ಬಿಡಿಸಿ ನನ್ನ ತಲೆ ಕೆಟ್ಟಿತ್ತು. ಬಾಟಲಿ ಕೈಗಿಡುವಾಗ ಪ್ರತಿಯೊಬ್ಬರಿಗೂ ಕಿರುಚಿ ಹೇಳಿದೆ: "ಸರ್ಕಾರದ ಔಷಧಿ. ಒಂದು ಹನಿಯೂ ಚೆಲ್ಲಬಾರದು!"

ಮೂರನೇ ದಿನ ಮೈಲಾರಪ್ಪ ಬಂದ. ಅರವತ್ತು ದಾಟಿದ ಕುರಿಗಾರ, ತೊಂಬತ್ತು ದೊಡ್ಡ ಕುರಿಗಳ ಹಿಂಡಿನ ಒಡೆಯ. ಹತ್ತೊಂಬತ್ತು ಕುರಿಗಳಿಗೆ ಕೆಮ್ಮು, ಜ್ವರ, ಮೂಗಿನಲ್ಲಿ ಗೊಣ್ಣೆ, ಮೇವು ಮುಟ್ಟುತ್ತಿಲ್ಲ. ನಾನು ಹೋಗಿ ನೋಡಿದೆ. ಮಳೆಗಾಲದಲ್ಲಿ ಹಿಂಡಿನಿಂದ ಹಿಂಡಿಗೆ ಹರಡುವ ಗಂಟಲುಬೇನೆ ಎಂದು ತೀರ್ಮಾನಿಸಿ ಆಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟೆ. ಹಿಂಡನ್ನು ಬೇರೆಡೆ ಹೊಡೆಯಬೇಡ ಎಂದು ತಾಕೀತು ಮಾಡಿದೆ. ಸುತ್ತಲಿನ ಕುರಿಗಾರರು ಮೈಲಾರಪ್ಪನ ನೆರಳಿಗೂ ಬರದಾದರು, ಬಾವಿಯ ನೀರೂ ಅವನಿಗೆ ಬಂದ್ ಆಯಿತು. ಇಂಜೆಕ್ಷನ್ ನಾಟಲಿಲ್ಲ. ನಾಲ್ಕು ದಿನದಲ್ಲಿ ಹದಿಮೂರು ಕುರಿ ಸತ್ತವು.

ಹದಿನಾಲ್ಕನೆಯದನ್ನು ಅವನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೇ ತಂದ. ದಾರಿಯಲ್ಲೇ ಅದರ ಪ್ರಾಣ ಹೋಗಿತ್ತು. ಕೊಯ್ದು ನೋಡುವುದು, ಅಂದರೆ ಪೋಸ್ಟ್‌ಮಾರ್ಟಂ, ಮಾಡಲೇಬೇಕಿತ್ತು. ಬಸಣ್ಣ ರಜೆಯಲ್ಲಿದ್ದ. ಕಾಲು ಹಿಡಿಯುವವರಿಲ್ಲ. ಮೈಲಾರಪ್ಪ ಗೇಟಿನ ಕಡೆ ತಿರುಗಿ, "ಯವ್ವಾ ಹುಲಿಗಿ, ಬಾ ಇಲ್ಲಿ" ಎಂದು ಕೂಗಿದ. ನಾನು ಬೇಡ ಎನ್ನಲಿಲ್ಲ. ಹೀಗೆ, ನನಗೆ ಗತಿಯಿಲ್ಲದ ದಿನ, ಅವಳು ಒಳಗೆ ಬಂದಳು.

ಅವಳಿಗೂ ಕೈಗವಸು ಕೊಟ್ಟೆ. ಎದೆ ತೆರೆದೆ. ಶ್ವಾಸಕೋಶದ ಮುಂದಿನ ಮತ್ತು ಕೆಳಗಿನ ಭಾಗ ಮಾತ್ರ ಹಸಿರುಗಟ್ಟಿ ಕೊಳೆತು ನಾರುತ್ತಿತ್ತು, ಉಳಿದದ್ದು ಚೆನ್ನಾಗಿಯೇ ಇತ್ತು. ನಾನು ಅದನ್ನೇ ನೋಡುತ್ತ ನಿಂತಿದ್ದೆ. ಹುಡುಗಿ ಮುಖ ತಿರುಗಿಸದೆ ಕಾಲು ಬಿಗಿಯಾಗಿ ಹಿಡಿದುಕೊಂಡೇ ಮೈಲಾರಪ್ಪನನ್ನು ಕೇಳಿದಳು: "ಕಾಕಾ, ಮರಿಗೋಳು ಹೆಂಗದಾವು?"

"ಮರಿ ಎಲ್ಲಾ ಜಿಗದಾಡಾಕತ್ಯಾವು."

"ಮರಿಗಿ ಔಷಧಿ ಹಾಕಿದ್ಯೇನು?"

"ಇಲ್ಲವ್ವ. ದೊಡ್ಡವಕ್ಕಾ ಸಾಲಲಿಲ್ಲ."

"ಹೆಂಗ ಹಾಕಿದಿ, ತೋರ್ಸು."

ಮೈಲಾರಪ್ಪ ಎದ್ದು, ಇಲ್ಲದ ಕುರಿಯನ್ನು ಮೊಣಕಾಲ ನಡುವೆ ಹಿಡಿದವನಂತೆ ನಿಂತ. ಎಡಗೈಯಿಂದ ಅದರ ಗದ್ದ ಹಿಡಿದು ಮುಖವನ್ನು ನೇರ ಆಕಾಶಕ್ಕೆ ಎತ್ತಿದ. ಬಲಗೈಯಲ್ಲಿ ಗೊಟ್ಟ ಒಂದೇ ಸಲಕ್ಕೆ ಸುರಿದ. ಕತ್ತು ಹಾಗೆ ಎತ್ತಿದರೆ ಕುರಿಗೆ ನುಂಗಲು ಆಗುವುದಿಲ್ಲ, ದ್ರವ ಶ್ವಾಸನಾಳಕ್ಕೆ ಇಳಿಯುತ್ತದೆ. ಒಳಗೆ ಕೊಳೆತು ನ್ಯುಮೋನಿಯಾ ಆಗುತ್ತದೆ. ಇದಕ್ಕೆ ಡ್ರೆಂಚಿಂಗ್ ನ್ಯುಮೋನಿಯಾ ಎನ್ನುತ್ತಾರೆ. ಒಂದು ಕುರಿಯಿಂದ ಇನ್ನೊಂದಕ್ಕೆ ಹರಡುವ ರೋಗವೇ ಅಲ್ಲ.

"ಏನಪ್ಪಾ, ಹುಟ್ಟಿದಾಗಿಂದ ಕುರಿ ಕಾದವನು ನೀನು! ಹೀಗೆ ಯಾರಾದರೂ ಹಾಕ್ತಾರಾ?" ಎಂದು ನಾನು ರೇಗಿದೆ.

ಅವನು ಕಣ್ಣು ಕೆಳಗೆ ಹಾಕಿದ. "ಎಂದೂ ಹಿಂಗ ಹಾಕಿಲ್ರಿ ಯವ್ವಾರ. ಯಾವಾಗ್ಲೂ ಮುಖ ನೆಟ್ಟಗ ಇಟ್ಟು, ಬಾಯಿ ಮಗ್ಗಲಿಂದ ಸಾವಕಾಶ ಹಾಕತೀವಿ. ಹಂಗ ಹಾಕಿದ್ರ ಒಂದೀಟು ಸೋರತೈತ್ರಿ. ನೀವ ಹೇಳಿದ್ರಲ್ಲ, ಹನಿ ಚೆಲ್ಲಬಾರದು ಅಂತ. ಅದಕ ಕತ್ತು ಮ್ಯಾಲೆತ್ತಿ ಸುರುವಿದೆ."

ನಾನು ಕೈಯಲ್ಲಿದ್ದ ಚಾಕು ಕೆಳಗಿಟ್ಟೆ. ಅಜ್ಜ ಮುತ್ತಜ್ಜನಿಂದ ಸರಿಯಾಗಿ ಮಾಡಿಕೊಂಡು ಬಂದ ಕೆಲಸವನ್ನು ಆ ಮನುಷ್ಯ ನನ್ನ ಮಾತಿಗೆ ಬೆಲೆ ಕೊಟ್ಟು ಕೆಡಿಸಿಕೊಂಡಿದ್ದ. ಸತ್ತದ್ದು ರೋಗದಿಂದಲ್ಲ, ನನ್ನ ಒಂದು ಕಿರುಚಾಟದಿಂದ. ಮೇಲಾಗಿ ಊರವರ ಕೈಯಲ್ಲಿ ಅವನನ್ನು ಹೊರಗಿಡಿಸಿದ್ದೆ. ಅವತ್ತೇ ಬಾವಿಯ ಹತ್ತಿರ ಹೋಗಿ, ಇದು ಅಂಟುರೋಗ ಅಲ್ಲ, ತಪ್ಪು ನನ್ನದು ಎಂದು ಎಲ್ಲರೆದುರು ಹೇಳಿದೆ. ಉಳಿದ ಐದು ಕುರಿ ನಿಧಾನವಾಗಿ ಚೇತರಿಸಿಕೊಂಡವು. ಆಗಲೇ ಔಷಧಿ ಹಾಕಿ ಮುಗಿಸಿದ್ದ ಬೇರೆ ಕುರಿಗಾರರು, ಸೋರಿದರೆ ಸೋರಲಿ ಎಂದು ಎಂದಿನಂತೆಯೇ ಹಾಕಿದ್ದರು. ಔಷಧಿ ಒಯ್ದಿದ್ದ ಬೇರೆಯವರ ಮನೆಗಳಿಗೆ ಹುಲಿಗೆಮ್ಮನನ್ನು ಕರೆದುಕೊಂಡು ಹೋಗಿ, ಬಾಟಲಿ ಇನ್ನೂ ಒಡೆಯದವರಿಗೆ ಗೊಟ್ಟ ಹಾಕುವ ರೀತಿ ತೋರಿಸಿದೆ. ತೋರಿಸಿದೆ ಎಂದರೆ, ಅವಳು ತೋರಿಸಿದಳು, ನಾನು ತಲೆಯಾಡಿಸಿದೆ.

ಬರುವ ದಾರಿಯಲ್ಲಿ ಗಾಡಿ ನಿಲ್ಲಿಸಿ, "ನಾಳೆಯಿಂದ ಒಳಗೆ ಬಾ. ನಿಮ್ಮಪ್ಪನಿಗೆ ನಾನೇ ಹೇಳ್ತೀನಿ" ಎಂದೆ. ಅವಳು ಸರಿ ಎಂದಳು, ಮುಖದಲ್ಲಿ ಮಾತ್ರ ಯಾವ ಬೆಳಕೂ ಕಾಣಲಿಲ್ಲ. ಕೇಳಿದ ಮೇಲೆ ಬಾಯಿಬಿಟ್ಟಳು. ಅರ್ಜಿಯ ಕೊನೆಯ ದಿನ ಹಿಂದಿನ ದಿನವೇ ಮುಗಿದಿತ್ತು.

ಬಿ.ಎ. ಬೇಡ, ಒಂದು ವರ್ಷ ನನಗೆ ಕೊಡಿ ಎಂದು ಅವಳ ಅಪ್ಪನನ್ನು ಒಪ್ಪಿಸಿದೆ. ಇಡೀ ವರ್ಷ ಅವಳು ಆಸ್ಪತ್ರೆಯಲ್ಲಿ ದುಡಿದಳು. ಹೊರಗಿನವರನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಮೇಲಿನಿಂದ ಫೋನು ಬಂದಾಗ, ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರಿಸುತ್ತೇನೆ ಎಂದೆ. ಯಾರೂ ಬರೆಯಲಿಲ್ಲ. ಆ ಒಂದು ಮಾತು ಆಡುವುದು ಮೊದಲ ದಿನವೇ ಎಷ್ಟು ಸುಲಭವಿತ್ತು! ಮುಂದಿನ ವರ್ಷ ಅವಳಿಗೆ ಸೀಟು ಸಿಕ್ಕಿತು. ಕಾಲೇಜಿಗೆ ಹೊರಡುವ ಮುನ್ನ ನಮ್ಮ ಮನೆಗೆ ಬಂದಳು. "ನಿನ್ನ ಒಂದು ವರ್ಷ ನಾನು ಹಾಳು ಮಾಡಿದೆ ಕಣೆ" ಎಂದೆ. ಅಷ್ಟನ್ನಾದರೂ ಹೇಳಿ ಹಗುರಾಗಬೇಕೆಂದಿದ್ದೆ.

"ವರ್ಷ ಹೋದ್ರ ಹೋಗ್ಲಿ ಬಿಡ್ರಿ ಮೇಡಂ" ಎಂದಳು ಹುಲಿಗೆಮ್ಮ. "ಔಷಧಿ ಹಂಚಿದ ದಿನ ನೀವು ಹೇಳಿದ್ದು ನನಗ ಹೊರಗ ಕೇಳಿಸಿತ್ರಿ. ಹನಿ ಚೆಲ್ಲಬಾರದು ಅಂದ್ರ ಇವರು ಕತ್ತು ಎತ್ತತಾರ, ನೆತ್ತಿಗೇರತೈತಿ ಅಂತ ಆವಾಗ್ಲೇ ಅನ್ನಿಸ್ತು. ಬಾಟ್ಲಿ ಹಿಡ್ಕಂಡು ಹೊಂಟವರಿಗೆ ಹೇಳೋಣ ಅಂದ್ರ, ಡಾಕ್ಟ್ರ ಮಾತು ಬಿಟ್ಟು ನನ್ನ ಮಾತು ಯಾರು ಕೇಳತಾರ? ನಿಮಗ ಹೇಳಾಕ ಅಂತ ಗೇಟಿನ ಮಟ ಬಂದಿದ್ದೆ. ಒಳಗ ಬರಬ್ಯಾಡ ಅಂದಿದ್ರಲ್ರಿ. ವಾಪಸ್ ಹೋಗಿ ನಿಂತ್ಕಂಡೆ."

ಕಲಿಯಲು ಬಂದವರನ್ನು ಒಳಗೆ ಬಿಡುವುದು ನಾವು ಅವರಿಗೆ ಮಾಡುವ ಉಪಕಾರ ಎಂದೇ ಮೂವತ್ತು ವರ್ಷ ತಿಳಿದಿದ್ದೆ. ಅದು ತಪ್ಪೆಂದು ನನಗೆ ಕಲಿಸಲು ಹದಿನಾಲ್ಕು ಕುರಿ ಸಾಯಬೇಕಾಯಿತು. ಈಗ ಯಾವ ಪಶುವೈದ್ಯರು ಸಿಕ್ಕರೂ ಒಂದೇ ಮಾತು ಕೇಳುತ್ತೇನೆ: ನಿಮ್ಮ ತಪ್ಪು ಕಂಡವರು ಯಾರಾದರೂ ಹೊರಗೆ ನಿಂತಿದ್ದಾರೆಯೇ, ಎದ್ದು ಹೋಗಿ ನೋಡಿದ್ದೀರಾ?